ಸಪ್ತಾಪುರದ ಮನೆ, ನನ್ನ ಬಾಡಿಗೆ ಲೆಕ್ಕ

ಧಾರವಾಡದ ಸಪ್ತಾಪುರದಲ್ಲಿ ಹಳೇ ಮನೆ ತಗೊಳ್ಳುವ ಮೊದಲು ನಾನು ಬೈಪಾಸ್ ಆಚೆ ಒಂದೂವರೆ ಗುಂಟೆ ಪ್ಲಾಟಿಗೆ ಸಂಚಕಾರ ಕೊಡಲು ಹೊರಟಿದ್ದೆ. ರೇಟು ಅಗ್ಗ. "ಈಗ ಬಾಂಡ್ ಮಾಡಿಕೊಡ್ತೀವ್ರಿ, ಎನ್‌ಎ ಆದಮ್ಯಾಲೆ ಖರೀದಿ" ಎಂದ ಏಜೆಂಟ. ಎನ್‌ಎ ಅಂದರೆ ಹೊಲವನ್ನು ಕೃಷಿಯೇತರ ಜಾಗ ಮಾಡಿಸುವುದು. ನನ್ನ ಸೋದರಮಾವ ಒಂದೇ ಮಾತು ಕೇಳಿದರು: "ತಮ್ಮಾ, ಉತಾರದಾಗ ಎಷ್ಟ ಮಂದಿ ಹೆಸರ ಅದಾವು ನೋಡಿದೇನು?" ನೋಡಿದೆ. ಉತಾರದಲ್ಲಿ, ಅಂದರೆ ಜಮೀನಿನ ಪಹಣಿಯಲ್ಲಿ, ಏಳು ಹೆಸರಿದ್ದವು. ಬಾಂಡಿಗೆ ಸಹಿ ಹಾಕುವವನು ಒಬ್ಬನೇ. ಜಾಗ ಇನ್ನೂ ಹೊಲ. ಅಲ್ಲಿಗೇ ಬಿಟ್ಟೆ. ಸ್ಟಾಂಪ್ ಪೇಪರ್ ಮೇಲಿನ ಬಾಂಡಿನಿಂದ ಜಾಗ ನಮ್ಮದಾಗುವುದಿಲ್ಲ. ನೋಂದಣಿಯಾದ ಖರೀದಿ ಪತ್ರವೇ ಬೇಕು.

ಸಪ್ತಾಪುರದ ಮನೆಗೆ ಕಾಗದ ಇತ್ತು. ಆದರೂ 30 ವರ್ಷದ ಇಸಿ, ಅಂದರೆ ಋಣಭಾರ ಪತ್ರ, ತೆಗೆಸಿದೆ. ಅದರಲ್ಲಿ ಒಂದು ಹಳೇ ಸಾಲ ಕಂಡಿತು. ಮಾಲೀಕರು ಸಾಲ ತೀರಿಸಿದ್ದರು, ದಾಖಲೆಯಲ್ಲಿನ ಬೋಜಾ (ಸಾಲದ ನಮೂದು) ಮಾತ್ರ ತೆಗೆಸಿರಲಿಲ್ಲ. ಅದು ಸರಿಹೋಗಲು ಒಂದೂವರೆ ತಿಂಗಳು ಕಾದೆ. ಕಾದದ್ದೇ ಒಳ್ಳೆಯದಾಯಿತು.

ಮನೆ ಬಿದ್ದದ್ದು 42 ಲಕ್ಷ. ಕೆಳಗೆ ಒಂದು ಸಂಸಾರ, 9,000 ಬಾಡಿಗೆ. ಮೇಲೆ ಪರೀಕ್ಷೆಗೆ ಓದುವ ಹುಡುಗರಿಗೆ ಮೂರು ರೂಮು, ತಲಾ 4,000. ತಿಂಗಳಿಗೆ 21,000, ವರ್ಷಕ್ಕೆ 2,52,000 ಎಂದು ಕೈಬೆರಳಲ್ಲೇ ಎಣಿಸಿ ಖುಷಿಪಟ್ಟಿದ್ದೆ. ಮೊದಲ ವರ್ಷ ಎರಡು ರೂಮು ಮೂರು ಮೂರು ತಿಂಗಳು ಖಾಲಿ ಬಿದ್ದವು. ಕೆಳಗಿನ ಮನೆ ಒಂದು ತಿಂಗಳು ಖಾಲಿ. ಬಂದದ್ದು 2,19,000. ಮೋಟಾರು, ಸುಣ್ಣಬಣ್ಣ, ಪಾಲಿಕೆ ತೆರಿಗೆಗೆ 31,000 ಹೋಯಿತು. ಉಳಿದದ್ದು 1,88,000, ಅಂದರೆ ನಾಲ್ಕೂವರೆ ಪರ್ಸೆಂಟೂ ಇಲ್ಲ. ಬ್ಯಾಂಕಿನ ಎಫ್‌ಡಿಯಲ್ಲಿ ಸುಮ್ನೆ ಇಟ್ಟಿದ್ದರೆ ಜಾಸ್ತಿ ಬರುತ್ತಿತ್ತು. ಜಾಗದ ಬೆಲೆ ಏರುತ್ತದೆ, ನಿಜ. ಆದರೆ ಆ ಏರಿಕೆಯಿಂದ ತಿಂಗಳ ಸಾಲದ ಕಂತು ಕಟ್ಟಲಾಗದು, ಅಲ್ವಾ? ಈಗ ಯಾರು ಕೇಳಿದರೂ ವರ್ಷಕ್ಕೆ ಹತ್ತೇ ತಿಂಗಳು ಬಾಡಿಗೆ ಹಿಡಿದು ಲೆಕ್ಕ ಹಾಕಿ ಎನ್ನುತ್ತೇನೆ.

ರೂಮು ಖಾಲಿ ಬೀಳಲು ಕಾರಣ ನೀರು. ಇಲ್ಲಿ ನಲ್ಲಿ ನೀರು ಕೆಲವು ಓಣಿಗಳಿಗೆ ನಾಲ್ಕೈದು ದಿನಕ್ಕೊಮ್ಮೆ ಬರುವುದುಂಟು. ಮೇಲೆ ಇದ್ದ ಟಾಕಿ ಚಿಕ್ಕದು. ಎರಡು ದಿನಕ್ಕೇ ತಳ ಕಾಣುತ್ತಿತ್ತು. ನಾನು ಟೈಲ್ಸ್ ಬದಲಿಸಿ ದುಡ್ಡು ಸುರಿದಿದ್ದೆ. ರೂಮು ನೋಡಲು ಬಂದ ಹುಡುಗರು ಟೈಲ್ಸ್ ಕಡೆ ತಿರುಗಿಯೂ ನೋಡಲಿಲ್ಲ, "ಅಂಕಲ್, ನೀರು ಎಷ್ಟ ದಿನಕ್ಕೊಮ್ಮೆರೀ?" ಎಂದು ಕೇಳಿದರು. ದೊಡ್ಡ ಸಂಪು ಕಟ್ಟಿಸಿದ ಮೇಲೆ ಆ ಪ್ರಶ್ನೆಗೆ ಉತ್ತರ ಸಿಕ್ಕಿತು.

ಕರೆಂಟಿನ ಜಗಳ ಬೇರೆ. ಮೇಲಿಗೂ ಕೆಳಗೂ ಒಂದೇ ಮೀಟರ್ ಇತ್ತು. 2023ರಲ್ಲಿ ಗೃಹಜ್ಯೋತಿ ಬಂದಾಗ ಎಲ್ಲರ ಬಳಕೆ ಸೇರಿ 200 ಯುನಿಟ್ ದಾಟುತ್ತಿತ್ತು. ದಾಟಿದ ತಿಂಗಳು ಪೂರ್ತಿ ಬಿಲ್ಲು ಕಟ್ಟಬೇಕು. ಕೆಳಗಿನ ಅಕ್ಕ ಹುಡುಗರ ಇಸ್ತ್ರಿಪೆಟ್ಟಿಗೆಗೆ ಬೈದರೆ, ಹುಡುಗರು ಅವರ ಗೀಜರಿಗೆ ಬೈದರು. ಹೆಸ್ಕಾಂಗೆ ಅರ್ಜಿ ಕೊಟ್ಟು ಬೇರೆ ಮೀಟರ್ ಹಾಕಿಸಿದೆ. ಜಗಳ ನಿಂತಿತು.

ಕರಾರು ಪತ್ರ 11 ತಿಂಗಳದ್ದು. ಒಂದು ವರ್ಷ ಮೀರಿದರೆ ನೋಂದಣಿ ಮಾಡಿಸಬೇಕು. ಹುಡುಗರಾದರೂ ಸರಿ, ಬರೆಸದೆ ಕೀಲಿಕೈ ಕೊಡುವುದಿಲ್ಲ. ಹಿಂದೆ ಕರಾರಿಲ್ಲದೆ ಇದ್ದ ಒಬ್ಬ ಮೂರು ತಿಂಗಳ ಬಾಡಿಗೆ ಬಾಕಿ ಇಟ್ಟು ರಾತ್ರೋರಾತ್ರಿ ಹೋದ. ಅವತ್ತು ನನ್ನ ಹತ್ತಿರ ಅವನ ಅಡ್ಡಹೆಸರೂ ಇರಲಿಲ್ಲ. ಪಾಲಿಕೆ ತೆರಿಗೆ ಏಪ್ರಿಲ್‌ನಲ್ಲೇ ಕಟ್ಟುತ್ತೇನೆ, 5 ಪರ್ಸೆಂಟ್ ರಿಯಾಯಿತಿ ಸಿಗುತ್ತದೆ. ಇನ್‌ಕಮ್ ಟ್ಯಾಕ್ಸ್‌ನಲ್ಲಿ, ಕಟ್ಟಿದ ಪಾಲಿಕೆ ತೆರಿಗೆ ಕಳೆದು ಉಳಿದ ಬಾಡಿಗೆಯಲ್ಲಿ 30 ಪರ್ಸೆಂಟ್ ರಿಪೇರಿ ರಸೀದಿ ಇಲ್ಲದೆಯೂ ಬಿಡುತ್ತಾರೆ.

ಮೇಲಿನ ಎರಡನೇ ರೂಮು ಈಗ ಖಾಲಿ ಇದೆ. ಪರೀಕ್ಷೆ ಮುಗಿಸಿ ಹುಡುಗ ಊರಿಗೆ ಹೋದ. ಮುಂದಿನ ನೇಮಕಾತಿ ನೋಟಿಫಿಕೇಶನ್ ಬರುವಷ್ಟರಲ್ಲಿ ಬಾತ್‌ರೂಮಿನ ಸೋರಿಕೆ ಸರಿಮಾಡಿಸಬೇಕು. ಪ್ಲಂಬರ್ ನಿನ್ನೆ ಬರ್ತೀನಿ ಅಂದಿದ್ದ.