ಮಳೆಗಾಲದಲ್ಲಿ ಕತೆಯ ಆಟ ಆಡುವುದು ಹೇಗೆ?

ಹೋದ ಮಳೆಗಾಲದಲ್ಲಿ ಅಕ್ಕನ ಮಗ ಹದಿನೈದು ದಿನ ನಮ್ಮ ಮನೆಯಲ್ಲಿದ್ದ. ಕಾದಂಬರಿ ಓದುವ ಹುಡುಗ, ಇಂಗ್ಲಿಷೂ ಚೆನ್ನಾಗಿ ಬರುತ್ತದೆ. ಹಾಗಾಗಿ ನನ್ನ ಲ್ಯಾಪ್‌ಟಾಪಿನಲ್ಲಿ ಡಿಸ್ಕೋ ಎಲಿಸಿಯಮ್ ಎಂಬ ಆಟವನ್ನು, ಎಂದರೆ ನಾಯಕನ ಉತ್ತರಗಳನ್ನು ನಾವೇ ಆರಿಸುತ್ತ ಸಾಗುವ ಕತೆಯನ್ನು, ಹಾಕಿಕೊಟ್ಟೆ. 2019ರಲ್ಲಿ ಬಂದ ಈ ಆಟದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಪದಗಳಿವೆ, ಬರವಣಿಗೆಯಿಂದಲೇ ಹೆಸರು ಮಾಡಿದ ಆಟ. ಊರಿಗೆ ಹೊರಡುವ ದಿನ ಹೇಗಿತ್ತು ಎಂದು ಕೇಳಿದರೆ ‘ಪರವಾಗಿಲ್ಲ, ಸ್ವಲ್ಪ ಬೋರು’ ಎಂದ. ಅವನು ಬಸ್ ಹತ್ತಿದ ಮೇಲೆ ಸೇವ್‌ಗಳ, ಎಂದರೆ ಬೇಕೆಂದಾಗ ಮರಳಲು ಆಟವನ್ನು ಉಳಿಸಿಟ್ಟ ಜಾಗಗಳ, ಪಟ್ಟಿ ತೆರೆದು ನೋಡಿದೆ. ನಲವತ್ತಮೂರು ಸೇವ್! ಪ್ರತಿ ದೊಡ್ಡ ಮಾತಿಗೆ ಮುಂಚೆ ಒಂದು. ಉತ್ತರ ತಪ್ಪಾಯಿತು ಎನಿಸಿದರೆ ಹಿಂದಕ್ಕೆ, ದಾಳ ಕೈಕೊಟ್ಟರೆ ಹಿಂದಕ್ಕೆ. ಪಕ್ಕದಲ್ಲಿ ಮೊಬೈಲಿನಲ್ಲಿ ‘ಸರಿಯಾದ ಉತ್ತರ’ಗಳ ವಿಡಿಯೊ ಬೇರೆ ಓಡುತ್ತಿದ್ದುದನ್ನು ನಾನೇ ಕಂಡಿದ್ದೆ. ಹುಡುಗ ಕತೆಯನ್ನು ಸಿಇಟಿ ಪ್ರಶ್ನೆಪತ್ರಿಕೆ ಮಾಡಿಕೊಂಡಿದ್ದ.

ಅವನೊಬ್ಬನೇ ಅಲ್ಲ. ನನ್ನ ಮಾತು ಕೇಳಿ ಕತೆಯ ಆಟ ಕೊಂಡ ಐದಾರು ಜನರಲ್ಲಿ ಮುಕ್ಕಾಲು ಪಾಲು ಹೀಗೇ ಕೆಡಿಸಿಕೊಂಡಿದ್ದಾರೆ. ಅದಕ್ಕೇ ಈ ಬರಹ.

ಯಂತ್ರ, ಕರೆಂಟು, ಬೂಸರು

ಲಕ್ಷ ರೂಪಾಯಿಯ ಗೇಮಿಂಗ್ ಕಂಪ್ಯೂಟರ್ ಬೇಕಿಲ್ಲ. ನಾನು ಇಲ್ಲಿ ಹೇಳುವ ಆಟಗಳಲ್ಲಿ ಹೆಚ್ಚಿನವು ಸಾಧಾರಣ ಲ್ಯಾಪ್‌ಟಾಪಿನಲ್ಲಿ ಓಡುತ್ತವೆ. ಕೊಳ್ಳಲು ಒಳ್ಳೆಯ ಕಾಲ ಜೂನ್ ಕೊನೆ. ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಯ ಬೇಸಿಗೆ ರಿಯಾಯಿತಿ ಮಾರಾಟ ಸಾಮಾನ್ಯವಾಗಿ ಆಗ ಶುರುವಾಗುತ್ತದೆ. ಅವರ ಬೇಸಿಗೆ ನಮ್ಮ ಆರಿದ್ರಾ ಮಳೆ. ಬೆಲೆ ರೂಪಾಯಿಯಲ್ಲೇ ಇರುತ್ತದೆ. ಕೊಂಡು 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸ್ ಕೇಳಬಹುದು. ಇಳಿಸಿಕೊಂಡ ತಕ್ಷಣ, ಇಂಟರ್ನೆಟ್ ಇರುವಾಗಲೇ ಒಮ್ಮೆ ಆಟವನ್ನು ತೆರೆದು, ಆಮೇಲೆ ಸ್ಟೀಮನ್ನು ಆಫ್‌ಲೈನ್ ಮೋಡ್‌ಗೆ ಹಾಕಿಡಿ. ತಂತಿಯ ಮೇಲೆ ಮರ ಬಿದ್ದು ಮೂರು ದಿನ ನೆಟ್ ಇಲ್ಲದಾಗ ನನ್ನನ್ನು ನೆನೆಯುತ್ತೀರಿ. ಜಿಒಜಿ ಎಂಬ ಇನ್ನೊಂದು ಅಂಗಡಿಯಿದೆ. ಅಲ್ಲಿ ಕೊಂಡದ್ದಕ್ಕೆ ಈ ತಾಪತ್ರಯವೇ ಇಲ್ಲ, ಆಟದ ಫೈಲು ನಿಮ್ಮ ಪೆನ್‌ಡ್ರೈವಿನಲ್ಲೇ ಉಳಿಯುತ್ತದೆ.

ಐವತ್ತು ರೂಪಾಯಿಗೆ ಕದ್ದ ಆಟ ತುಂಬಿಕೊಡುವವರ ಬಳಿ ಹೋಗಬೇಡಿ. ಶಿವಮೊಗ್ಗದಲ್ಲಿ ಒಬ್ಬರು ತುಂಬಿಕೊಟ್ಟ ಪೆನ್‌ಡ್ರೈವಿನಿಂದ ನನ್ನ ಹಳೆಯ ಲ್ಯಾಪ್‌ಟಾಪು ಒಂದೇ ವಾರದಲ್ಲಿ ಮಲಗಿತು. ದೀಪ ಮಿಣುಕುವ ಗೇಮಿಂಗ್ ಹೆಡ್‌ಫೋನೂ ಬೇಡ. ಆ ದುಡ್ಡಿಗೆ ದೀಪ ಸಿಗುತ್ತದೆ, ಕಿವಿಗೆ ಏನೂ ಸಿಗುವುದಿಲ್ಲ. ಹಂಚಿನ ಮೇಲೆ ಮಳೆ ಸುರಿಯುವಾಗ ಸಂಭಾಷಣೆ ಕೇಳಿಸಬೇಕಾದರೆ ಕಿವಿಯನ್ನು ಪೂರ್ತಿ ಮುಚ್ಚುವ ಸಾದಾ ಹೆಡ್‌ಫೋನ್ ಸಾಕು. ಲ್ಯಾಪ್‌ಟಾಪನ್ನು ಬ್ಯಾಗಿನೊಳಗೆ ಮುಚ್ಚಿಡಬೇಡಿ. ಜುಲೈಯಲ್ಲಿ ಒಂದು ವಾರ ಮುಟ್ಟದಿದ್ದರೆ ಕೀಲಿಗಳ ನಡುವೆ ಬೂಸರು ಬಂದಿರುತ್ತದೆ. ಆಟದ ಸೆಟ್ಟಿಂಗಿನಲ್ಲಿ ಸಬ್‌ಟೈಟಲ್ ಹಾಕಿ, ಅಕ್ಷರ ದೊಡ್ಡದು ಮಾಡಿ. ಈ ಹಂತ ಮುಗಿಯಿತು.

ಯಾವುದರಿಂದ ಶುರು ಮಾಡಬೇಕು?

ಚಿಕ್ಕದರಿಂದ. ಇದರಲ್ಲಿ ಚರ್ಚೆಯಿಲ್ಲ.

ಮೊದಲಿಗೆ ವಾಟ್ ರಿಮೇನ್ಸ್ ಆಫ್ ಎಡಿತ್ ಫಿಂಚ್. 2017ರದು, ಎರಡು ಮೂರು ಗಂಟೆಯಲ್ಲಿ ಮುಗಿಯುತ್ತದೆ. ಹಳೆಯ ಮನೆಯೊಂದರ ಕೋಣೆ ಕೋಣೆಗೂ ಹೋಗಿ, ಆ ಮನೆತನದ ಒಬ್ಬೊಬ್ಬರು ಹೇಗೆ ಸತ್ತರು ಎಂಬುದನ್ನು ತಿಳಿಯುವುದಷ್ಟೇ ಕೆಲಸ. ಅದರಲ್ಲಿ ಮೀನಿನ ಕಾರ್ಖಾನೆಯ ಒಂದು ಭಾಗವಿದೆ. ಒಂದು ಕೈಯಿಂದ ಮೀನನ್ನು ಎಳೆದು ಅದರ ತಲೆ ಕತ್ತರಿಸುತ್ತಲೇ ಇರಬೇಕು, ಇನ್ನೊಂದು ಕೈ ಆ ಕೆಲಸಗಾರನ ಹಗಲುಗನಸಿನೊಳಗೆ ಅವನನ್ನು ನಡೆಸಬೇಕು. ಸ್ವಲ್ಪ ಹೊತ್ತಿಗೆ ಮೀನಿನ ಕೈ ತಾನಾಗಿಯೇ ಆಡತೊಡಗುತ್ತದೆ, ಕನಸು ಪರದೆಯನ್ನು ತುಂಬಿಕೊಳ್ಳುತ್ತದೆ. ರಾತ್ರಿ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿದವರಿಗೆ ಇದನ್ನು ವಿವರಿಸಬೇಕಿಲ್ಲ. ಕೈ ಸುಲಿಯುತ್ತಿರುತ್ತದೆ, ಮನಸ್ಸು ಯಾವ ಊರಿನಲ್ಲೋ ಇರುತ್ತದೆ. ಈ ಅನುಭವವನ್ನು ಪುಸ್ತಕ ಹೇಳಬಲ್ಲದು. ನಮ್ಮ ಕೈಯಲ್ಲೇ ಮಾಡಿಸುವುದು ಆಟಕ್ಕೆ ಮಾತ್ರ ಸಾಧ್ಯ.

ಎರಡನೆಯದು ಫೈರ್‌ವಾಚ್, 2016ರದು. ಅದರ ವಿಷಯ ಮುಂದೆ ಬರುತ್ತದೆ. ಅಡುಗೆಮನೆ ಇಷ್ಟವಿರುವವರು 2023ರ ವೆಣ್ಬಾ ಆಡಬಹುದು. 1980ರ ದಶಕದಲ್ಲಿ ಕೆನಡಾಕ್ಕೆ ಹೋದ ತಮಿಳು ಕುಟುಂಬದ ಕತೆ, ಹರಿದುಹೋದ ಅಡುಗೆ ಪುಸ್ತಕ, ಮೊದಲ ಪರೀಕ್ಷೆಯೇ ಇಡ್ಲಿ. ಕಡುಬು ಬೇಯಿಸಿ ಗೊತ್ತಿರುವವರಿಗೆ ಇದು ಕಷ್ಟವೇ ಅಲ್ಲ.

ಆಮೇಲೆ ಪೇಪರ್ಸ್, ಪ್ಲೀಸ್. 2013ರದು. ನೀವು ಗಡಿಯಲ್ಲಿ ಕಾಗದಪತ್ರ ನೋಡಿ ಮುದ್ರೆ ಒತ್ತುವ ಗುಮಾಸ್ತ. ಜೀವಮಾನವಿಡೀ ಕಚೇರಿ ಕಿಟಕಿಯ ಈಚೆ ನಿಂತು ‘ಇನ್ನೊಂದು ಜೆರಾಕ್ಸ್ ತನ್ನಿ’ ಎನಿಸಿಕೊಂಡವರು ಇಲ್ಲಿ ಆಚೆ ಬದಿಗೆ ಕೂರುತ್ತೀರಿ. ಎಷ್ಟು ಜನರ ಕಾಗದ ನೋಡಿದಿರೋ ಅಷ್ಟು ಸಂಬಳ. ಮನೆಯಲ್ಲಿ ಬಾಡಿಗೆ, ಊಟ, ಚಳಿಗೆ ಬೆಂಕಿ ಎಲ್ಲವೂ ಅದರಿಂದಲೇ ಆಗಬೇಕು. ಒಂದು ದಿನ ಗಂಡನೊಬ್ಬ ಬರುತ್ತಾನೆ, ಅವನ ಕಾಗದ ಸರಿಯಿದೆ. ಹಿಂದೆಯೇ ಹೆಂಡತಿ, ಅವಳ ಕಾಗದದಲ್ಲಿ ಒಂದು ಕಡಿಮೆ. ಮುದ್ರೆ ನಿಮ್ಮ ಕೈಯಲ್ಲಿದೆ.

ಪ್ಲೇನ್‌ಸ್ಕೇಪ್ ಟಾರ್ಮೆಂಟ್‌ನಿಂದ ಮಾತ್ರ ಶುರು ಮಾಡಬೇಡಿ. 1999ರ ಈ ಆಟವನ್ನು ಬರವಣಿಗೆಯ ಮಟ್ಟಿಗೆ ಶ್ರೇಷ್ಠ ಎನ್ನುವವರು ಬಹಳ, ನಾನೂ ಅವರಲ್ಲೊಬ್ಬ. ಆದರೆ ಅದನ್ನು ಮೊದಲು ಹಿಡಿಯುವುದೆಂದರೆ ಹಳಗನ್ನಡದಲ್ಲಿ ಅಕ್ಷರಾಭ್ಯಾಸ ಮಾಡಿದಂತೆ. ಇನ್ನು ರೆಡ್ ಡೆಡ್ ರಿಡೆಂಪ್ಶನ್ 2 ಎಂಬ 2018ರ ಆಟಕ್ಕೆ 150 ಜಿಬಿ ಜಾಗ ಬೇಕು. ನಮ್ಮೂರಿನ ನೆಟ್‌ನಲ್ಲಿ ಅದು ಇಳಿಯುವಷ್ಟರಲ್ಲಿ ತೋಟಕ್ಕೆ ಎರಡು ಸಲ ಬೋರ್ಡೋ ಔಷಧಿ ಹೊಡೆದು ಮುಗಿಸಿರುತ್ತೀರಿ.

ಉತ್ತರ ಆರಿಸುವುದು

ಕೆಡುವುದು ಇಲ್ಲಿ. ಆದ್ದರಿಂದ ನಿಧಾನವಾಗಿ ಹೇಳುತ್ತೇನೆ.

ಕತೆಯ ಆಟದಲ್ಲಿ ಎದುರಿನವರು ಮಾತಾಡುತ್ತಾರೆ, ನಿಮ್ಮ ಮುಂದೆ ಮೂರೋ ನಾಲ್ಕೋ ಉತ್ತರ ಬರುತ್ತವೆ. ಹೊಸಬರು ತಕ್ಷಣ ಕೇಳುವ ಪ್ರಶ್ನೆ ‘ಇದರಲ್ಲಿ ಸರಿ ಯಾವುದು?’ ಕೇಳಬೇಕಾದದ್ದು ‘ನನ್ನ ಪಾತ್ರದವನು ಏನೆನ್ನುತ್ತಾನೆ?’ ಎಂದು. ಮಳೆಗಾಲದ ರಾತ್ರಿ ಯಾರದಾದರೂ ಮನೆಯ ಜಗಲಿಯಲ್ಲಿ ತಾಳಮದ್ದಲೆ ಕೇಳಿದ್ದರೆ ನಿಮಗೆ ಇದರ ಗುಟ್ಟು ಆಗಲೇ ಗೊತ್ತಿದೆ. ಕೃಷ್ಣ ಸಂಧಾನದಲ್ಲಿ ಸಂಧಾನ ಮುರಿದುಬೀಳುತ್ತದೆಂದು ಚಾಪೆಯ ಮೇಲೆ ಕೂತ ಮಗುವಿಗೂ ಗೊತ್ತು. ಹಾಗೆಂದು ಯಾರೂ ಎದ್ದು ಹೋಗುವುದಿಲ್ಲ. ಪದ್ಯ ಅದೇ, ಪ್ರಸಂಗ ಅದೇ; ಇವತ್ತಿನ ಕೌರವ ಯಾವ ಮಾತಿನಿಂದ ಅಲ್ಲಿಗೆ ಮುಟ್ಟುತ್ತಾನೆ ಎಂಬುದಕ್ಕೆ ಜನ ಬೆಳಗಿನವರೆಗೆ ಕೂರುತ್ತಾರೆ. ಆಟದಲ್ಲಿ ಅರ್ಥ ಹೇಳುವವರು ನೀವು. ‘ಏನು ಹೇಳಿದರೂ ಕೊನೆ ಒಂದೇ, ಮೋಸ’ ಎಂದು ಗೊಣಗುವವರು ಅರ್ಥಧಾರಿಯ ಪೀಠದಲ್ಲಿ ಕೂತು ಪ್ರಸಂಗ ಬದಲಿಸಲಿಲ್ಲವೆಂದು ಭಾಗವತರ ಮೇಲೆ ಸಿಟ್ಟಾದಂತೆ.

ಹಾಗಾಗಿ ಆಟ ತೆರೆಯುವ ಮೊದಲು ಒಂದು ಚೀಟಿಯಲ್ಲಿ ನಿಮ್ಮ ಪಾತ್ರದ ಬಗ್ಗೆ ಒಂದೇ ಸಾಲು ಬರೆಯಿರಿ. ‘ತಪ್ಪೊಪ್ಪಿಕೊಳ್ಳಲು ನಾಚುವ ಮನುಷ್ಯ’, ‘ಎಲ್ಲರಿಗೂ ಒಳ್ಳೆಯವನಾಗಲು ಹೋಗುವವನು’, ಹೀಗೆ. ಉತ್ತರಗಳು ಬಂದಾಗ ಮೌಸಿನಿಂದ ಕೈ ತೆಗೆಯಿರಿ. ತಮಾಷೆಗೆ ಹೇಳುತ್ತಿಲ್ಲ, ಕೈ ಅಲ್ಲೇ ಇದ್ದರೆ ಬೆರಳು ಮೊದಲನೆಯದನ್ನು ಒತ್ತಿಬಿಡುತ್ತದೆ. ಎಲ್ಲವನ್ನೂ ಓದಿ, ಚೀಟಿ ನೋಡಿ, ಆಮೇಲೆ ಆರಿಸಿ.

ಡಿಸ್ಕೋ ಎಲಿಸಿಯಮ್‌ನಲ್ಲಿ ಎರಡು ಬಗೆಯ ಸಾಲುಗಳಿರುತ್ತವೆ. ಪ್ರಶ್ನೆ ಕೇಳಿ ಮತ್ತೆ ಅದೇ ಪಟ್ಟಿಗೆ ಮರಳುವಂಥವು ಕೆಲವು, ಮಾತನ್ನು ಮುಂದಕ್ಕೆ ತಳ್ಳುವಂಥವು ಕೆಲವು. ಮೊದಲ ಬಗೆಯವನ್ನು ಬೇಕಾದಷ್ಟು ಕೇಳಿ, ಕೇಳಿದ್ದು ಮಂಕಾಗಿ ಕಾಣುತ್ತದೆ. ಆದರೆ ಎಲ್ಲವನ್ನೂ ಮಂಕು ಮಾಡಲೇಬೇಕೆಂಬ ಹಟ ಬೇಡ. ಮದುವೆ ಮನೆಯಲ್ಲಿ ಸಿಕ್ಕವರಿಗೆಲ್ಲ ಗೋತ್ರದಿಂದ ಗದ್ದೆಯವರೆಗೆ ವಿಚಾರಿಸುವ ನೆಂಟರಂತಾಗುತ್ತೀರಿ.

ಇನ್ನು ದಾಳ. ನಾಯಕ ಕಷ್ಟದ ಕೆಲಸಕ್ಕೆ ಕೈ ಹಾಕಿದಾಗ ಅವನಿಗೊಂದು ಪರೀಕ್ಷೆ: ಎರಡು ದಾಳ ಉರುಳುತ್ತವೆ, ಅದಕ್ಕೆ ನಿಮ್ಮ ಕೌಶಲದ ಅಂಕ ಸೇರುತ್ತದೆ. ಎರಡೂ ಆರು ಬಿದ್ದರೆ ಏನಿದ್ದರೂ ಗೆಲುವು, ಎರಡೂ ಒಂದು ಬಿದ್ದರೆ ಏನಿದ್ದರೂ ಸೋಲು. ಬಿಳಿ ಬಣ್ಣದ ಪರೀಕ್ಷೆಯಲ್ಲಿ ಸೋತರೆ ಕೌಶಲ ಹೆಚ್ಚಿಸಿಕೊಂಡು ಮತ್ತೆ ಬರಬಹುದು, ಕೆಂಪಿಗೆ ಒಂದೇ ಅವಕಾಶ. ಕೆಂಪಿನಲ್ಲಿ ಸೋತ ಕೂಡಲೇ ಅಕ್ಕನ ಮಗ ಹಳೆಯ ಸೇವ್ ತೆರೆಯುತ್ತಿದ್ದ. ಅವನಿಗೆ ತಪ್ಪಿಹೋದದ್ದೇನೆಂದರೆ, ಈ ಆಟದ ಲೇಖಕರು ಸೋಲಿಗೂ ಗೆಲುವಿನಷ್ಟೇ ಮನಸ್ಸಿಟ್ಟು ಬರೆದಿದ್ದಾರೆ. ನಾಯಕ ಕುಡಿದು ಎಲ್ಲವನ್ನೂ ಮರೆತ ಪೊಲೀಸ್ ಪತ್ತೇದಾರ. ಅವನ ಮರ್ಯಾದೆ ಹೋಗುವ ಸನ್ನಿವೇಶಗಳಲ್ಲೇ ಬರವಣಿಗೆ ಮೆರೆಯುವುದು. ಯಾವಾಗಲೂ ಗೆಲ್ಲುವವರು ಅರ್ಧ ಪುಸ್ತಕದ ಹಾಳೆ ಅಂಟಿಸಿಕೊಂಡು ಓದಿದಂತೆ.

ಒಂದು ವಿನಾಯಿತಿ ಕೊಡುತ್ತೇನೆ. ಶುರುವಿನಲ್ಲೇ ನಾಯಕನ ಟೈ ಸೀಲಿಂಗ್ ಫ್ಯಾನಿಗೆ ಸಿಕ್ಕಿ ಸುತ್ತುತ್ತಿರುತ್ತದೆ. ಆರೋಗ್ಯದ ಅಂಕ ಒಂದೇ ಇಟ್ಟುಕೊಂಡು ಅದನ್ನು ಎಳೆಯಲು ಹೋಗಿ ಸೋತರೆ ಎದೆ ಒಡೆದು ಸಾಯುತ್ತಾನೆ. ಆಗ ಬೇರೆ ದಾರಿಯಿಲ್ಲ, ನಕ್ಕು ಮತ್ತೆ ಶುರು ಮಾಡಿ.

ನಾಯಕನ 24 ಕೌಶಲಗಳೂ ತಲೆಯೊಳಗಿಂದ ಮಾತಾಡುತ್ತವೆ: ತರ್ಕ ಒಂದು ಹೇಳುತ್ತದೆ, ಭಯ ಇನ್ನೊಂದು. ಅವು ಹೇಳುವುದೆಲ್ಲ ನಿಜವಲ್ಲ. ಅಂಕ ಜಾಸ್ತಿಯಿರುವುದೇ ಜಾಸ್ತಿ ಗಂಟಲು ಮಾಡುತ್ತದೆ ಅಷ್ಟೇ. ಆರಂಭದಲ್ಲಿ ಕೇಳುವ ಮೂರು ಬಗೆಯ ನಾಯಕರಲ್ಲಿ ಭಾವುಕನನ್ನೇ ಆರಿಸಿ. ಬುದ್ಧಿವಂತನನ್ನು ಆರಿಸಿದವರೆಲ್ಲ ನನಗೆ ‘ಸ್ವಲ್ಪ ಉದ್ದವಾಯಿತು’ ಎಂದೇ ಹೇಳಿದ್ದಾರೆ. 2021ರಲ್ಲಿ ಬಂದ ಫೈನಲ್ ಕಟ್ ಆವೃತ್ತಿಯಲ್ಲಿ ಎಲ್ಲ ಮಾತಿಗೂ ಧ್ವನಿಯಿದೆ, ಅದನ್ನೇ ಕೊಳ್ಳಿ.

ಕೆಲವು ಆಟಗಳು ಉತ್ತರಕ್ಕೆ ಅರೆಗಳಿಗೆ ಮಾತ್ರ ಕೊಡುತ್ತವೆ. ಗಾಬರಿಯಾಗಬೇಡಿ. ಫೈರ್‌ವಾಚ್‌ನಲ್ಲಿ ಸುಮ್ಮನಿರುವುದೂ ಒಂದು ಉತ್ತರ, ರೇಡಿಯೊದಲ್ಲಿ ನಾಯಕನ ಜೊತೆ ಮಾತಾಡುವವಳು ಆ ಮೌನಕ್ಕೂ ಪ್ರತಿಕ್ರಿಯಿಸುತ್ತಾಳೆ.

ಇಂಗ್ಲಿಷ್ ತೊಡಕಾದರೆ

ಇವುಗಳಲ್ಲಿ ಯಾವುದೂ ಕನ್ನಡದಲ್ಲಿಲ್ಲ. ಡಿಕ್ಷನರಿ ಹಿಡಿದು ಕೂರುವುದಕ್ಕಿಂತ ಪಕ್ಕದಲ್ಲಿ ಇನ್ನೊಬ್ಬರನ್ನು ಕೂರಿಸಿಕೊಂಡು ಕನ್ನಡದಲ್ಲಿ ಹೇಳುತ್ತ ಆಡಿ. ನಾನು ಫೈರ್‌ವಾಚನ್ನು ಅಮ್ಮನ ಜೊತೆ ಆಡಿದೆ. 1989ರ ಬೇಸಿಗೆ, ಅಮೆರಿಕದ ವಯೋಮಿಂಗ್ ಕಾಡು. ಗೋಪುರದ ಮೇಲೆ ಕೂತು ಎಲ್ಲಾದರೂ ಹೊಗೆ ಏಳುತ್ತದೆಯೇ ಎಂದು ಕಾಯುವ ಕೆಲಸ ಹೆನ್ರಿ ಎಂಬವನದು. ‘ನಮ್ಮ ಫಾರೆಸ್ಟ್ ವಾಚರ್ ತರಹ’ ಎಂದು ಅಮ್ಮ ಒಂದೇ ಮಾತಿನಲ್ಲಿ ಒಳಗೆ ಬಂದರು.

ಕಾಡಿಗೆ ಹೋಗುವ ಮೊದಲು ಹೆನ್ರಿಯ ಹಿಂದಿನ ಬದುಕು ಬರಿಯ ಅಕ್ಷರಗಳಲ್ಲಿ ಬರುತ್ತದೆ. ಮದುವೆ, ಒಂದು ನಾಯಿ, ಆಮೇಲೆ ಇನ್ನೂ ಚಿಕ್ಕ ವಯಸ್ಸಿನ ಹೆಂಡತಿ ಜೂಲಿಯಾಗೆ ಮರೆವಿನ ಕಾಯಿಲೆ. ಅವಳನ್ನು ಆರೈಕೆ ಕೇಂದ್ರಕ್ಕೆ ಸೇರಿಸುತ್ತೀರೋ, ಮನೆಯಲ್ಲೇ ನೋಡಿಕೊಳ್ಳುತ್ತೀರೋ ಎಂದು ಆಟ ಕೇಳುತ್ತದೆ. ನಾನು ಓದಿ ಹೇಳಿದೆ. ಅಮ್ಮ ಹಲಸಿನ ಹಪ್ಪಳ ಮುರಿಯುವುದನ್ನು ನಿಲ್ಲಿಸಿದರು. ನಮ್ಮ ಅಜ್ಜಿ ಕೊನೆಯ ನಾಲ್ಕು ವರ್ಷ ಅಮ್ಮನನ್ನು ಗುರುತು ಹಿಡಿಯದೆ ಇದೇ ಮನೆಯಲ್ಲಿದ್ದರು. ‘ಮನೆಯಲ್ಲೇ ಇರಲಿ’ ಎಂದರು. ಒತ್ತಿದೆ. ಹೆನ್ರಿಯ ಕೈಯಲ್ಲಿ ಆಗಲಿಲ್ಲ, ಜೂಲಿಯಾಳ ತಂದೆತಾಯಿ ಬಂದು ಅವಳನ್ನು ಆಸ್ಟ್ರೇಲಿಯಾಕ್ಕೆ ಕರೆದುಕೊಂಡು ಹೋದರು. ಆರೈಕೆ ಕೇಂದ್ರ ಎಂದಿದ್ದರೂ ಅಷ್ಟೇ ಆಗುತ್ತಿತ್ತು. ಅದನ್ನು ನಾನು ಅಮ್ಮನಿಗೆ ಹೇಳಲಿಲ್ಲ. ಆದರೆ ಮುಂದಿನ ನಾಲ್ಕು ಗಂಟೆಯ ಕತೆಯಲ್ಲಿ ಹೆನ್ರಿ ರೇಡಿಯೊದಲ್ಲಿ ಯಾರ ಜೊತೆ ನಕ್ಕರೂ ಅಮ್ಮ ‘ಮನೆಯಲ್ಲಿ ಇಟ್ಟುಕೊಳ್ಳಲು ನೋಡಿದನಲ್ಲ, ಪಾಪ’ ಎನ್ನುತ್ತಿದ್ದರು.

ಹಿಂದಕ್ಕೆ ಹೋಗಬೇಕಾದ ಆಟಗಳು

ಮರಳಿ ಯತ್ನಿಸುವುದೇ ಕತೆಯಾಗಿರುವ ಆಟಗಳೂ ಇವೆ, ಅವಕ್ಕೆ ಹಿಂದಕ್ಕೆ ಹೋಗಬಾರದೆಂಬ ಮೇಲಿನ ನಿಯಮ ಅನ್ವಯಿಸುವುದಿಲ್ಲ. 2019ರ ಔಟರ್ ವೈಲ್ಡ್ಸ್‌ನಲ್ಲಿ 22 ನಿಮಿಷಕ್ಕೊಮ್ಮೆ ಎಲ್ಲವೂ ಮೊದಲಿಗೆ ಮರಳುತ್ತದೆ. 2018ರ ರಿಟರ್ನ್ ಆಫ್ ದಿ ಓಬ್ರಾ ಡಿನ್‌ನಲ್ಲಿ ಖಾಲಿ ಹಡಗೊಂದು 1807ರಲ್ಲಿ ಇಂಗ್ಲೆಂಡಿಗೆ ಮರಳಿದೆ. ಅದರಲ್ಲಿದ್ದ 60 ಜನರಿಗೆ ಏನಾಯಿತೆಂದು ನೀವು ಪತ್ತೆ ಮಾಡಬೇಕು. ಮೂರು ಜನರ ವಿವರ ಸರಿಯಾದಾಗಲಷ್ಟೇ ಆಟ ಒಪ್ಪಿಕೊಳ್ಳುವುದರಿಂದ ಊಹೆ ಹೊಡೆದು ಗೆಲ್ಲಲಾಗದು. ಇವೆರಡಕ್ಕೂ ಇಂಟರ್ನೆಟ್ಟಿನಲ್ಲಿ ಒಂದೇ ಒಂದು ಉತ್ತರ ನೋಡಿದಿರೋ, ಕೊಟ್ಟ ದುಡ್ಡು ತುಂಗೆಯ ಪಾಲು.

ಎರಡನೆಯ ಸಲ

ಮುಗಿದ ದಿನವೇ ಮತ್ತೆ ಶುರು ಮಾಡಬೇಡಿ. ಒಂದು ಮಳೆಗಾಲ ಬಿಡಿ. ಈ ವರ್ಷ ಆರಿದ್ರಾ ಹಿಡಿದ ಮೇಲೆ ಅಮ್ಮ ತಾವಾಗಿಯೇ ‘ಆ ಕಾಡಿನ ಆಟ ಹಾಕು’ ಎಂದರು. ಉತ್ತರಗಳನ್ನು ಈ ಸಲ ಬದಲಿಸೋಣವೇ ಎಂದು ಕೇಳಿದೆ. ಹೋದ ಸಲ ಎರಡು ನಾಯಿಗಳಲ್ಲಿ ಅಮ್ಮ ಆರಿಸಿದ್ದು ಬಕೆಟ್ ಎಂಬ ಹೆಸರಿನದನ್ನು. ‘ಯಾರಿಗೆ ಬಕೆಟ್ ಹಿಡಿಯುತ್ತದಂತೆ ಅದು’ ಎಂದು ಇಡೀ ಸಂಜೆ ನಕ್ಕಿದ್ದರು.

‘ಉತ್ತರ ಬೇಕಾದರೆ ಬದಲಿಸು’ ಎಂದರು. ‘ನಾಯಿ ಮಾತ್ರ ಅದೇ ಇರಲಿ.’