ಬೀದರಿನ ಬಾವಿಕಟ್ಟೆಯ ಮೇಲೆ ಅಂತರ್ಜಲದ ಪಾಠ

ಬಹಳ ವರ್ಷ ನಾನು ಅಂತರ್ಜಲದ ಪಾಠವನ್ನು ಕಪ್ಪುಹಲಗೆಯ ಮೇಲೆಯೇ ಮುಗಿಸುತ್ತಿದ್ದೆ. ನೀರು ಇಂಗುವ ಪದರ, ನೀರು ತಡೆಯುವ ಪದರ ಎಂದು ಎರಡು ಗೆರೆ ಎಳೆದರೆ ವಿದ್ಯಾರ್ಥಿಗಳು ಹಾಗೆಯೇ ಬರೆದುಕೊಳ್ಳುತ್ತಿದ್ದರು, ಪರೀಕ್ಷೆಯಲ್ಲಿ ಅಂಕವನ್ನೂ ಪಡೆಯುತ್ತಿದ್ದರು. ಒಂದು ದಿನ ‘ನಿಮ್ಮ ಮನೆಯ ಬಾವಿಗೆ ನೀರು ಯಾವ ಕಲ್ಲಿನಿಂದ ಬರುತ್ತದೆ?’ ಎಂದು ಕೇಳಿದೆ. ಯಾರೂ ಬಾಯಿ ಬಿಡಲಿಲ್ಲ. ಅಂದೇ ಪಾಠವನ್ನು ಹೊರಗೆ ಒಯ್ಯಬೇಕೆಂದು ನಿರ್ಧರಿಸಿದೆ.

ಬೀದರ್ ಕುಳಿತಿರುವುದೇ ಆ ಎರಡು ಪದರಗಳ ಮೇಲೆ. ಕೆಳಗೆ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದು ಹೆಪ್ಪುಗಟ್ಟಿದ ಲಾವಾದ ಕಪ್ಪು ಬಸಾಲ್ಟ್; ಮೇಲೆ ಅದೇ ಬಸಾಲ್ಟ್ ಶಿಥಿಲವಾಗಿ ಉಂಟಾದ ಜಂಬಿಟ್ಟಿಗೆ ಎಂಬ ಕೆಂಪುಕಲ್ಲು; ನಡುವೆ ಜಿಗುಟಾದ ಜೇಡಿ. ತೂತುತೂತಾದ ಕೆಂಪುಕಲ್ಲು ಮಳೆನೀರನ್ನು ಕುಡಿಯುತ್ತದೆ, ಜೇಡಿ ಅದನ್ನು ಕೆಳಗಿಳಿಯಗೊಡುವುದಿಲ್ಲ. ಹಾಗೆ ತಡೆದ ನೀರು ಪಕ್ಕಕ್ಕೆ ಸರಿದು ಪ್ರಸ್ಥಭೂಮಿಯ ಅಂಚಿನಲ್ಲಿ ಝರಿಯಾಗುತ್ತದೆ. 15ನೆಯ ಶತಮಾನದಲ್ಲಿ ಬಹಮನಿಗಳ ಕಾಲದವರು ಬೀದರ್ ಪಕ್ಕದ ನೌಬಾದಿನಲ್ಲಿ ಸುರಂಗ ಬಾವಿಯನ್ನು, ಅಂದರೆ ಅಂತರ್ಜಲವನ್ನು ಹರಿಸಿ ತರುವ ನೆಲದಡಿಯ ಕಾಲುವೆಯನ್ನು, ತೋಡಿದ್ದು ಈ ಒಳಹರಿವನ್ನು ಅರಿತೇ. ಅದನ್ನು ನೋಡಿದಾಗಲೆಲ್ಲ ಆ ಕಾಲದ ಕೆಲಸಗಾರರ ಬಗ್ಗೆ ನನಗೆ ಗೌರವ ಉಕ್ಕುತ್ತದೆ.

ಅಳತೆಗೆ ದುಬಾರಿ ಉಪಕರಣ ಬೇಕಾಗಲಿಲ್ಲ. ಉಕ್ಕಿನ ಟೇಪಿನ ಕೊನೆಯ ಒಂದು ಮೀಟರಿಗೆ ಸೀಮೆಸುಣ್ಣ ಬಳಿದು, ತುದಿಗೆ ಭಾರ ಕಟ್ಟಿ ಬಾವಿಗೆ ಇಳಿಬಿಡುತ್ತೇವೆ. ಕಟ್ಟೆಯ ಅಂಚಿಗೆ 15 ಮೀಟರಿನ ಗುರುತು ಬಂದಾಗ ನಿಲ್ಲಿಸಿ ಮೇಲೆಳೆದರೆ, ನೀರು ಮುಟ್ಟಿದಷ್ಟು ಸುಣ್ಣ ಒದ್ದೆಯಾಗಿ ಕಪ್ಪಿಟ್ಟಿರುತ್ತದೆ. ಒದ್ದೆ ಭಾಗ 80 ಸೆಂಟಿಮೀಟರ್ ಇದ್ದರೆ ಕಟ್ಟೆಯಿಂದ ನೀರಿಗೆ 14.2 ಮೀಟರ್. ಕಟ್ಟೆ 90 ಸೆಂಟಿಮೀಟರ್ ಎತ್ತರವಿದ್ದರೆ ನೆಲದಿಂದ 13.3 ಮೀಟರ್. ಮೊದಲ ವರ್ಷ ಕಟ್ಟೆಯ ಎತ್ತರ ಕಳೆಯುವುದನ್ನು ನಾನು ಒತ್ತಿ ಹೇಳಿರಲಿಲ್ಲ. ಕೆಲವರು ಕಳೆದರು, ಕೆಲವರು ಬಿಟ್ಟರು. ಆ ಬೇಸಿಗೆಯ ಲೆಕ್ಕವೆಲ್ಲ ಕೆಟ್ಟಿತು. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ಅಳೆದರೆ ಮಾತ್ರ ಬಾವಿ ಎಷ್ಟು ತುಂಬಿತೆಂದು ತಿಳಿಯುತ್ತದೆ. ಹಾಗಾಗಿ ಒಂದು ತಪ್ಪಿಗೆ ಇಡೀ ವರ್ಷ ಹೋಯಿತು.

ಒಂದು ತೋಟದ ಬಾವಿಯಲ್ಲಿ ಹಿರಿಯರೊಬ್ಬರು ಬಹಳ ಹೊತ್ತು ನಮ್ಮನ್ನೇ ನೋಡುತ್ತಿದ್ದರು. ‘ಅಳೆದರೆ ನೀರು ಬರುತ್ತದೆಯೇ, ಸರ್?’ ಎಂದು ಕೇಳಿದರು. ‘ಇಲ್ಲ ಕಾಕಾ, ಎಲ್ಲಿಂದ ಬರುತ್ತದೆ ಎಂದು ತಿಳಿಯಬೇಕು’ ಎಂದೆ. ಅವರು ಬಾವಿಯ ಗೋಡೆಯತ್ತ ಕೈ ತೋರಿದರು. ಕೆಂಪುಕಲ್ಲು ಮುಗಿದು ಬಿಳಿಚಿದ ಜೇಡಿ ಶುರುವಾಗುವಲ್ಲಿ ಸುತ್ತಲೂ ಪಾಚಿಯ ಹಸಿರು ಪಟ್ಟಿ, ಅದರಿಂದ ಹನಿಹನಿಯಾಗಿ ಒಸರುವ ನೀರು. ‘ಸೆಲೆ ಅಲ್ಲೇ ಇದೆ. ನಮ್ಮ ತಂದೆಯ ಕಾಲದಿಂದಲೂ ಅಲ್ಲೇ.’ ನನ್ನ ಕಪ್ಪುಹಲಗೆಯ ಎರಡು ಗೆರೆಗಳು ಕೂಡುವ ಜಾಗವೇ ಅದು. ವಿದ್ಯಾರ್ಥಿಗಳು ಬಗ್ಗಿ ನೋಡುತ್ತಲೇ ಇದ್ದರು.

ನೀರನ್ನು ಬೇಗ ಒಳಬಿಡುವ ಕಲ್ಲು ಕೊಳೆಯನ್ನೂ ಬೇಗ ಒಳಬಿಡುತ್ತದೆ. ಮಲಿನ ನೀರಿದ್ದರೆ ಕಪ್ಪಾಗುವ ಪರೀಕ್ಷಾ ಬಾಟಲಿಗಳನ್ನು ಒಂದು ಮಳೆಗಾಲದಲ್ಲಿ ತಂದೆವು. ಬೇಸಿಗೆಯಲ್ಲಿ ತಿಳಿಯಾಗಿಯೇ ಉಳಿದಿದ್ದ ಒಂದು ಮನೆಯ ಬಾವಿನೀರು ಮರುದಿನದ ಹೊತ್ತಿಗೆ ಬಾಟಲಿಯನ್ನು ಕಪ್ಪು ಮಾಡಿತ್ತು. ನೀರಿನ ಮಟ್ಟ ಮೇಲೇರಿ ಪಕ್ಕದ ಶೌಚಗುಂಡಿಯ ತಳಕ್ಕೆ ಸಮೀಪವಾಗಿತ್ತು. ವರದಿ ಬರೆಯುವ ಮೊದಲೇ ಆ ಮನೆಗೆ ಹೋಗಿ, ಕುಡಿಯುವ ನೀರನ್ನು ಕುದಿಸಿರೆಂದು ತಿಳಿಸಿದೆವು.

ಈಗ ಪ್ರತಿ ಬಾವಿಗೂ ನಮ್ಮ ಪುಸ್ತಕದಲ್ಲಿ ಮೂರು ಅಳತೆಗಳಿವೆ: ಕಟ್ಟೆಯ ಎತ್ತರ, ನೀರಿನ ಆಳ, ಹತ್ತಿರದ ಶೌಚಗುಂಡಿಗೆ ಇರುವ ದೂರ. ಮೂರನೆಯದನ್ನು ಸೇರಿಸಿದ್ದು ಆ ಕಪ್ಪು ಬಾಟಲಿಯನ್ನು ಕೈಯಲ್ಲಿ ಹಿಡಿದಿದ್ದ ವಿದ್ಯಾರ್ಥಿನಿ.