ಎಕೋ ಬೇಡ ಕಣಪ್ಪಾ

ತಾನೇ ಬರೆದು, ತಾನೇ ರಾಗ ಹಾಕಿ, ಒಂದು ಗಿಟಾರ್ ಹಿಡಿದು ತನ್ನೊಳಗಿನ ಗೋಜಲನ್ನು ಮೆಲುದನಿಯಲ್ಲಿ ಹಾಡುವವರನ್ನು ಮೈಸೂರಿನಲ್ಲಿ ಎಲ್ಲಿ ಕೂರಿಸುವುದು? ಕಲಾಮಂದಿರ ಇದೆ, ವೀಣೆ ಶೇಷಣ್ಣ ಭವನ ಇದೆ, ರಂಗಾಯಣದ ಭೂಮಿಗೀತ ಇದೆ. ಆದರೆ ಬರುವವರು ನಲವತ್ತು ಜನ. ಕಲಾಮಂದಿರದಲ್ಲಿ ಇಟ್ಟರೆ ಹಾಡುವವರಿಗೆ ಖಾಲಿ ಕುರ್ಚಿಗಳೇ ಕಾಣುತ್ತವೆ. ಕಾಫಿ ಅಂಗಡಿಯಲ್ಲಿ ಇಟ್ಟರೆ ಮಿಕ್ಸಿ ಸದ್ದು. ಹಾಗಾಗಿ ಸರಸ್ವತೀಪುರಂನ ನಮ್ಮ ಹಳೇ ಮನೆಯ ಹಜಾರದಲ್ಲೇ ಕಾರ್ಯಕ್ರಮ ಮಾಡಿದೆ. ಹಾಡಲು ಬೆಂಗಳೂರಿನಿಂದ ಬರುವ ಹುಡುಗಿ, ಟ್ರೈನಿನಲ್ಲಿ ಗಿಟಾರ್ ಹೊತ್ತುಕೊಂಡು ಬರುತ್ತೇನೆ ಅಂದರು.

ಭಾವಗೀತೆ ಕೇಳಿ ಬೆಳೆದ ಊರು ನಮ್ಮದು. ಅಲ್ಲಿ ಕವಿ ಒಬ್ಬರು, ಹಾಡುವವರು ಇನ್ನೊಬ್ಬರು. ಕೆ.ಎಸ್. ನರಸಿಂಹಸ್ವಾಮಿ ಬರೆದದ್ದನ್ನು ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಹಾಡಿದಾಗ ಸಾಲುಗಳು ಕೇಳುಗರಿಗೆ ಅರ್ಧ ಬಾಯಿಪಾಠ ಆಗಿರುತ್ತಿದ್ದವು. ಒಂದು ಪದ ಕೇಳಿಸದಿದ್ದರೂ ಮನಸ್ಸೇ ತುಂಬಿಕೊಳ್ಳುತ್ತಿತ್ತು. ಇಲ್ಲಿ ಹಾಗಿಲ್ಲ. ಈ ಹಾಡನ್ನು ಯಾರೂ ಕೇಳಿಲ್ಲ, ಎಲ್ಲೂ ಅಚ್ಚಾಗಿಲ್ಲ. ಒಂದು ಪದ ಹೋದರೆ ಇಡೀ ಸಾಲು ಹೋಯಿತು. ಅದಕ್ಕೇ ನನ್ನ ತಲೆಯಲ್ಲಿ ಇದ್ದದ್ದು ಒಂದೇ: ಮಾತು ಕೇಳಿಸಬೇಕು.

ಮೈಕ್‌ಸೆಟ್ ಹುಡುಗನಿಗೆ ಅದನ್ನು ಒಪ್ಪಿಸುವುದೇ ದೊಡ್ಡ ಕೆಲಸವಾಯಿತು. ದನಿ ಹೊಂದಿಸುವ ಮಿಕ್ಸರ್ ಹಚ್ಚಿದ ಕೂಡಲೇ, "ಎಕೋ ಎಷ್ಟು ಬಿಡ್ಲಿ ಸಾರ್?"

"ಎಕೋ ಬೇಡ ಕಣಪ್ಪಾ."

"ಡ್ರೈ ಆಗೋಗತ್ತೆ ಸಾರ್. ಆಮೇಲೆ ನಮ್ಗೇ ಬೈತಾರೆ."

ಅವನ ಮಾತಿನಲ್ಲೂ ಹುರುಳಿದೆ. ಆರ್ಕೆಸ್ಟ್ರಾಗಳಲ್ಲಿ ಎಕೋ ಇಲ್ಲದಿದ್ದರೆ ಗಾಯಕರೇ ಜಗಳಕ್ಕೆ ಬರುತ್ತಾರೆ. ಆದರೆ ನಮ್ಮ ಹಜಾರದ್ದು ರೆಡ್ ಆಕ್ಸೈಡ್ ನೆಲ, ಬರೀ ಗೋಡೆ. ಚಪ್ಪಾಳೆ ತಟ್ಟಿದರೆ ತಾನೇ ಗುಂಯ್ ಅನ್ನುತ್ತದೆ. ಇದ್ದ ಜಮಖಾನೆಗಳನ್ನೆಲ್ಲ ಹಾಸಿದೆ. ಹಾಡುವವರ ಎದುರಿನ ಗೋಡೆಗೆ ರಜಾಯಿ ತೂಗುಹಾಕಿದೆ. (ಮನೆಯವಳು ನೋಡಿ ನಕ್ಕಳು, ಮದುವೆಗೆ ಕೊಟ್ಟ ರಜಾಯಿ ಈಗ ಕೆಲಸಕ್ಕೆ ಬಂತು ಅಂತ.) ಮತ್ತೆ ಚಪ್ಪಾಳೆ ತಟ್ಟಿದೆ, ಗುಂಯ್ ಸತ್ತಿತ್ತು.

ಮೈಕನ್ನು ತುಟಿಗೆ ಹತ್ತಿರ ಇಟ್ಟೆ. ಹತ್ತಿರ ಇದ್ದಷ್ಟೂ ಪಿಸುಮಾತು ಕೂಡ ಬರುತ್ತದೆ, ವಾಲ್ಯೂಮ್ ಏರಿಸಬೇಕಿಲ್ಲ. ಆದರೆ ಎದುರಿನ ಸದ್ದನ್ನೇ ಹೆಚ್ಚಾಗಿ ಹಿಡಿಯುವ ಈ ಬಗೆಯ ಮೈಕಿಗೆ ಬಾಯಿ ತೀರಾ ಹತ್ತಿರ ಬಂದರೆ ದನಿಯ ಕೆಳಗಿನ ಭಾಗ ಉಬ್ಬಿ, ಮಾತು ಮಬ್ಬಾಗುತ್ತದೆ. ಮಿಕ್ಸರಿನಲ್ಲಿ ಕೆಳದನಿಯನ್ನು ಕತ್ತರಿಸುವ ಲೋ ಕಟ್ ಗುಂಡಿ ಒತ್ತಿದರೆ ಆ ಉಬ್ಬರ ಇಳಿಯುತ್ತದೆ. ಗಿಟಾರಿಗೆ ಬೇರೆ ಮೈಕ್ ಇಡಲಿಲ್ಲ. ಅದರೊಳಗೇ ತಂತಿಯ ಕಂಪನ ಹಿಡಿಯುವ ಪಿಕಪ್ ಇತ್ತು, ಅದರ ಸಿಗ್ನಲನ್ನು ಮಿಕ್ಸರಿಗೆ ಹೊಂದಿಸುವ ಡಿಐ ಬಾಕ್ಸ್ ಮೂಲಕ ನೇರ ಕೊಟ್ಟೆವು. ಸ್ಪೀಕರ್‌ಗಳನ್ನು ಮೈಕಿಗಿಂತ ಮುಂದಿಟ್ಟು ಕೇಳುಗರ ಕಡೆ ತಿರುಗಿಸಿದರೆ, ಸ್ಪೀಕರಿನ ಸದ್ದು ಮತ್ತೆ ಮೈಕಿಗೆ ಹೊಕ್ಕು ಕೀಂಯ್ ಅನ್ನುವ ಕೂಗಾಟ ಕಡಿಮೆಯಾಗುತ್ತದೆ. ಗಿಟಾರನ್ನು ದನಿಗಿಂತ ಚೂರು ಕೆಳಗೇ ಇಡಿಸಿದೆ. ಬಂದವರು ಸಾಲು ಕೇಳಲು ಬಂದವರು, ತಂತಿ ಕೇಳಲು ಅಲ್ಲ. ಗಿಟಾರ್ ನುಡಿಸುವ ಗೆಳೆಯನೊಬ್ಬ ಇದನ್ನು ಒಪ್ಪುವುದಿಲ್ಲ, ಇರಲಿ.

ಫ್ಯಾನ್ ಆಫ್. ಬೇಸಿಗೆಯಲ್ಲಾದರೆ ಇದು ಆಗದ ಮಾತು. ಅಕ್ಕಪಕ್ಕದ ಮನೆಗಳಿಗೂ ಹೋಗಿ ಹೇಳಿ ಬಂದೆ. ರಾತ್ರಿ 10ರ ಮೇಲೆ ಹೊರಗೆ ಧ್ವನಿವರ್ಧಕ ಹಾಕುವಂತಿಲ್ಲ ಅನ್ನುವುದು 2000ದ ಶಬ್ದಮಾಲಿನ್ಯ ನಿಯಮ. ವಸತಿ ಪ್ರದೇಶದ ಮಿತಿ ಹಗಲಿಗೆ 55 ಡೆಸಿಬೆಲ್, ರಾತ್ರಿಗೆ 45. ನಮ್ಮದು ಒಳಾಂಗಣ, ಸಂಜೆ ಆರಕ್ಕೆ ಶುರು. ಅವರಿಗೆ ನಮ್ಮ ಸದ್ದಿನ ಭಯವಿರಲಿಲ್ಲ, ನನಗೆ ಅವರ ಸದ್ದಿನ ಭಯ. "ಅಕ್ಕಾ, ಏಳೂವರೆವರೆಗೂ ಕುಕ್ಕರ್ ಇಡ್ಬೇಡಿ" ಅಂದೆ. "ಹಂಗಾದ್ರೆ ನಾವೂ ಅಲ್ಲಿಗೇ ಬರ್ತೀವಿ ಬಿಡಿ" ಅಂದರು. ಬಂದರು ಕೂಡ.

ಎರಡು ಹಾಡು ಮುಗಿಯುವವರೆಗೆ ಜನ ಗಟ್ಟಿಯಾಗಿ ಉಸಿರಾಡಲೂ ಹಿಂಜರಿದರು. ಆ ಬಿಗುವು ನನಗೆ ಹಿಡಿಸಲಿಲ್ಲ. ದೇವರಮನೆಯೇನಲ್ಲವಲ್ಲ. ಕೇಪೋ (ಗಿಟಾರಿನ ತಂತಿಗಳನ್ನು ಒತ್ತಿಹಿಡಿಯುವ ಕ್ಲಿಪ್ಪು) ಬದಲಿಸುತ್ತಾ, ತಂತಿ ಬಿಗಿಯುತ್ತಾ ಹುಡುಗಿ ಮಾತಾಡತೊಡಗಿದ ಮೇಲೆ ಸಡಿಲವಾಯಿತು. ಕೆಲಸ ಬಿಟ್ಟ ತಿಂಗಳು, ಬಾಡಿಗೆ ಮನೆಯ ಓನರು, ಅಪ್ಪನಿಗೆ ಫೋನ್ ಮಾಡದೆ ಉಳಿದ ಭಾನುವಾರಗಳು. ಹಾಡುಗಳಲ್ಲಿ ಇದ್ದದ್ದೂ ಇವೇ. ಅಪ್ಪನ ಹಾಡು ಮುಗಿದಾಗ ಹಿಂದಿನಿಂದ ಎದುರುಮನೆ ಅಜ್ಜಿ, "ಒನ್ಸ್ ಮೋರ್!" ಅಂದರು. ಕಂಪನಿ ನಾಟಕ ನೋಡಿದ ಗಂಟಲು. ಎಲ್ಲರೂ ನಕ್ಕರು. ಹುಡುಗಿ ನಗಲಿಲ್ಲ, ಮೈಕ್ ಪಕ್ಕಕ್ಕೆ ಸರಿಸಿ ಬರಿದನಿಯಲ್ಲೇ ಇನ್ನೊಮ್ಮೆ ಹಾಡಿದರು. ಹೊಸ ಸಾಲು ಒಳಗಿಳಿಯುವುದು ಎರಡನೇ ಸಲ ಕೇಳಿದಾಗಲೇ. ಹಾಗಾಗಿ ಈಗ ನಾನೇ ಹಾಡುವವರಿಗೆ ಮೊದಲೇ ಹೇಳುತ್ತೇನೆ, ಒಂದು ಹಾಡನ್ನಾದರೂ ಎರಡು ಸಲ ಹಾಡಿ ಅಂತ.

ದುಡ್ಡಿನ ವಿಷಯ: ಟಿಕೆಟ್ ಇಡಲಿಲ್ಲ. ಬಾಗಿಲ ಬಳಿ ಡಬ್ಬಿ, ಅದರ ಮೇಲೆ ಹಾಡುವವರದೇ ಕ್ಯೂಆರ್ ಕೋಡ್. ಮೈಕ್‌ಸೆಟ್ ಬಾಡಿಗೆ, ಕಾಫಿ, ಉಪ್ಪಿಟ್ಟು ನನ್ನ ಖರ್ಚು. ಯಾರಾದರೂ ಮಾಡುವುದಾದರೆ ಗಣೇಶನ ಹಬ್ಬದಿಂದ ದಸರಾ ಮುಗಿಯುವವರೆಗೆ ಬೇಡ. ಆಗ ಊರಲ್ಲಿ ಮೈಕ್‌ಸೆಟ್ ಸಿಗುವುದು ಕಷ್ಟ, ಸಿಕ್ಕರೂ ಬಾಡಿಗೆ ಕೇಳಿ ಎದೆ ಒಡೆಯುತ್ತದೆ.